ಒಂದು ತೋಳಿನ ಹಳದಿ ಫ್ರಾಕ್

ಫೆಬ್ರವರಿ 12

ಸೂಜಿಗೆ,

ಈಗ ಸಂಜೆ ನಾಲ್ಕು ಗಂಟೆ. ಬೆಳಿಗ್ಗೆಯಿಂದ ಕೆಲಸದ ಕೋಣೆಯಲ್ಲೇ ಇದ್ದೆ. ನೆಲ ಗುಡಿಸಿದೆ. ಕಸದಲ್ಲಿ ಹನ್ನೊಂದು ಗುಂಡುಸೂಜಿ ಸಿಕ್ಕವು, ಆರಿಸಿ ಡಬ್ಬಿಗೆ ಹಾಕಿದೆ. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟೆ. ಯಾಕೆ ಬಿಟ್ಟೆನೋ, ಅದನ್ನು ತುಳಿಯುವವರು ಯಾರೂ ಇಲ್ಲ.

ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯಬೇಕು. ಬರೆದು, ಹೊಡೆದುಹಾಕಿ, ಹಾಳೆ ಗಲೀಜಾಯಿತೆಂದು ಬೇರೆ ಹಾಳೆ ತೆಗೆದುಕೊಂಡೆ.

ನಿನ್ನ ಅಕ್ಕ ಹೋಗಿ ಇವತ್ತಿಗೆ ಆರು ವಾರ. ನೀನು ಕೆಲಸ ಮಾಡುವ ಪರದೆ ಅಂಗಡಿಗೆ ಅವತ್ತೇ ಫೋನು ಮಾಡಿದ್ದೆ. "ಹೇಳಿದೀವಿ ಸಾರ್, ಅವರು ಹೂಂ ಅಂದ್ರು" ಎಂದರು. ನೀನು ಬರಲಿಲ್ಲ. ಯಾಕೆಂದು ನಾನು ಕೇಳುತ್ತಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡು ಬಂದವಳು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಳು. "ಒಂದು ಲೋಟ ನೀರು ಕೊಡಿ" ಅಂದಳು. ನಾನು ನೀರು ತರುವಷ್ಟರಲ್ಲಿ ಎಲ್ಲಾ ಆಗಿಹೋಗಿತ್ತು. ಹೆಚ್ಚು ನರಳಲಿಲ್ಲ. ಅದಷ್ಟು ನಿನಗೆ ಗೊತ್ತಿರಲಿ ಎಂದು ಬರೆದೆ.

ಕಪಾಟಿನಲ್ಲಿ ಹದಿನಾಲ್ಕು ಗೊಂಬೆಗಳು ಉಳಿದಿವೆ. ಕೈಕಾಲು ಹೊಲಿದು, ಹತ್ತಿ ತುಂಬಿ, ಮುಖಕ್ಕೆ ಕಾಯುತ್ತಾ ಕೂತಿವೆ. ನಿನಗೆ ಗೊತ್ತಲ್ಲ, ಮುಖ ಯಾವಾಗಲೂ ಅವಳದೇ ಕೈಯಿಂದ, ಎಲ್ಲಕ್ಕಿಂತ ಕೊನೆಗೆ. ಕೂದಲು ಮತ್ತು ಅಂಗಿ ನಿನ್ನ ಪಾಲಿಗಿದ್ದವು. ನೀನು ಹೋದ ಮೇಲೆ ಈ ಒಂಬತ್ತು ವರ್ಷ ಅವನ್ನೂ ಅವಳೇ ಮಾಡಿಕೊಂಡಳು. ಹತ್ತಿ ತುಂಬುವುದಷ್ಟೇ ನನ್ನ ಕೆಲಸ. ಪ್ರೆಸ್ಸಿನಲ್ಲಿ ಮೂವತ್ತೆರಡು ವರ್ಷ ಪುಸ್ತಕ ಬೈಂಡ್ ಮಾಡಿದವನೆಂದು ಒಮ್ಮೆ ತೋಳು ಹೊಲಿಯಲು ಹೋಗಿದ್ದೆ. "ರೀ, ಇದು ಗೊಂಬೆ ಕಣ್ರೀ, ರಿಜಿಸ್ಟರ್ ಅಲ್ಲ. ಈ ಕೈ ಇನ್ನು ನೂರು ವರ್ಷಕ್ಕೂ ಅಲ್ಲಾಡಲ್ಲ" ಅಂದಿದ್ದಳು. ನೀನೂ ನಕ್ಕಿದ್ದೆ.

ಮೊನ್ನೆ ಎದುರು ಮನೆಯ ನರ್ಸಮ್ಮ ಬಂದಿದ್ದರು. ಅವರ ಬಾಯಿ ನಿನಗೆ ಗೊತ್ತೇ ಇದೆ. "ಏನ್ ಸಾರ್, ಅಷ್ಟೂ ಜನಾನ ಗೋಡೆ ಕಡೆ ತಿರುಗಿಸಿ ಕೂರ್ಸಿದೀರಲ್ಲ, ಏನ್ ತಪ್ಪು ಮಾಡಿದ್ರು ಪಾಪ?" ಅಂದರು.

"ಮುಖ ಇಲ್ಲ ಕಣಮ್ಮ. ಯಾವ ಕಡೆ ತಿರುಗಿಸಿದ್ರೂ ಒಂದೇ" ಅಂದೆ.

ಅವರು ಹೋಗುವಾಗ ಬಾಗಿಲು ಮೆಲ್ಲಗೆ ಹಾಕಿಕೊಂಡು ಹೋದರು.

ಯಂತ್ರ, ಬಟ್ಟೆ, ನಿನ್ನ ಉಲ್ಲನ್ನಿನ ಪೆಟ್ಟಿಗೆ, ಇವನ್ನೆಲ್ಲ ಏನು ಮಾಡಲಿ? ನೀನು ಬಂದು ನೋಡಿದರೆ ಒಳ್ಳೆಯದು. ಎರಡು ದಿನ ಇದ್ದು ಹೋಗು. ನಿನ್ನ ಮಂಚ ಹಾಗೇ ಇದೆ.

ನಿನ್ನ ದಾರಿ ನೋಡುವ,
ಭಾವ


ಮಾರ್ಚ್ 3

ಭಾವನವರಿಗೆ,

ಕಾಗದ ತಲುಪಿತು. ಯಂತ್ರವನ್ನು ಬೇಕಾದವರಿಗೆ ಕೊಟ್ಟುಬಿಡಿ. ನರ್ಸಮ್ಮನಿಗೇ ಕೊಡಿ. ಬಟ್ಟೆಯನ್ನೂ ಅದರ ಜೊತೆಗೆ ಕೊಡಿ. ನನಗೆ ಏನೂ ಬೇಡ.

ನಾನು ಬರುವುದಿಲ್ಲ. ಯಾಕೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನನ್ನ ಮಗಳು ತುಂಬಾ ಇಷ್ಟಪಟ್ಟು ತೊಡುತ್ತಿದ್ದ ಹಳದಿ ಫ್ರಾಕನ್ನು ಅಕ್ಕ ಕತ್ತರಿಸಿ ಗೊಂಬೆಗಳಿಗೆ ಅಂಗಿ ಹೊಲಿದಳು. ಗುಬ್ಬಿ ಜ್ವರದಲ್ಲಿ ಹೋಗಿ ಆಗ ಇಪ್ಪತ್ತಮೂರು ದಿನ. ಐದು ಗೊಂಬೆ ಆಗಲೇ ಆಟಿಕೆ ಅಂಗಡಿ ಸೇರಿದ್ದವು, ಆರನೆಯದು ಕಪಾಟಿನಲ್ಲಿ ಕೂತಿತ್ತು. ನಾನು ಕೂಗಾಡಿದ್ದು ನಿಮಗೆ ನೆನಪಿರಬೇಕು. ನೀವೂ ಅದೇ ಕೋಣೆಯಲ್ಲಿದ್ದಿರಿ. ಅವಳು ಒಂದು ಮಾತು ಆಡಲಿಲ್ಲ. ತಪ್ಪಾಯಿತು ಅನ್ನಲಿಲ್ಲ. ಕತ್ತರಿ ಕೆಳಗಿಡಲಿಲ್ಲ.

ಇಲ್ಲಿ ನನ್ನ ಕೆಲಸ ಚೆನ್ನಾಗಿದೆ. ಪರದೆಗೆ ಬರೀ ನೇರ ಹೊಲಿಗೆ. ಎಂಟು ಅಡಿ ಹೋಗುವುದು, ತಿರುಗಿಸಿ ಎಂಟು ಅಡಿ ಬರುವುದು. ಕೈ ಇಲ್ಲ, ಕಾಲಿಲ್ಲ, ಮುಖ ಇಲ್ಲ. ನನಗೆ ಅಷ್ಟು ಸಾಕು.

ನನ್ನನ್ನು ಸೂಜಿ ಎಂದು ಕರೆಯಬೇಡಿ. ಆ ಹೆಸರಿಟ್ಟವಳು ಅವಳು.

ಇಂತಿ,
ನಿಮ್ಮ ನಾದಿನಿ


ಮಾರ್ಚ್ 16

ತಂಗಿಗೆ,

ಬೆಳಿಗ್ಗೆ ಹನ್ನೊಂದು ಗಂಟೆ. ಇವತ್ತು ಯಂತ್ರ ಎದುರು ಮನೆಗೆ ಹೋಗಬೇಕಿತ್ತು, ಹೋಗಲಿಲ್ಲ. ಅದನ್ನು ಹೇಳುವುದಕ್ಕೆ ಕೂತಿದ್ದೇನೆ.

ನೀನು ಬರೆದಂತೆ ನರ್ಸಮ್ಮನಿಗೆ ಹೇಳಿದ್ದೆ. ಅವರ ಮನೆಯವರೂ ನಾನೂ ಸೇರಿ ಎತ್ತಿದೆವು. ಬಾಗಿಲಿನಲ್ಲಿ ಓರೆ ಮಾಡಿದಾಗ ಕೆಳಗಿನ ಡ್ರಾಯರು ಜಾರಿ ನೆಲಕ್ಕೆ ಬಿತ್ತು. ಅದು ಸದಾ ಕಚ್ಚಿಕೊಂಡಿರುತ್ತದೆ, ಎಳೆದರೆ ಬರುವುದಿಲ್ಲ ಎಂದು ನಿನ್ನ ಅಕ್ಕ ಹೇಳುತ್ತಿದ್ದಳು. ನಾನು ನಂಬಿದ್ದೆ. ಅದರೊಳಗೆ ಬಿಳಿ ಬಟ್ಟೆಯ ಒಂದು ಗಂಟು, ಒಂದು ನೋಟ್‌ಬುಕ್ಕು ಇದ್ದವು.

ಗಂಟಿನಲ್ಲಿ ಗುಬ್ಬಿಯ ಹಳದಿ ಫ್ರಾಕಿದೆ.

ಈ ಸಾಲು ಬರೆದು ಸ್ವಲ್ಪ ಹೊತ್ತು ಎದ್ದು ಓಡಾಡಿ ಬಂದೆ. ಈಗ ನಿಧಾನವಾಗಿ ಹೇಳುತ್ತೇನೆ. ಅದು ಇಡಿಯ ಫ್ರಾಕಲ್ಲ, ಕತ್ತರಿಸಿದ ತುಂಡುಗಳನ್ನು ಮತ್ತೆ ಒಂದಕ್ಕೊಂದು ಕೂಡಿಸಿ ಹೊಲಿದದ್ದು. ಬಟ್ಟೆಯ ಬಿಳಿ ಚುಕ್ಕೆ ಎಲ್ಲಿ ಅರ್ಧವಾಗಿತ್ತೋ ಅಲ್ಲಿ ಇನ್ನರ್ಧ ಬಂದು ಸೇರುವ ಹಾಗೆ ಹೊಲಿದಿದ್ದಾಳೆ. ಕೈಯಿಂದ ಸವರಿದರೆ ಮಾತ್ರ ಗೆರೆಗಳು ಸಿಗುತ್ತವೆ. ಮುಂಭಾಗ ಇದೆ, ಬೆನ್ನು ಇದೆ, ಬಲತೋಳು, ಕುತ್ತಿಗೆಪಟ್ಟಿ ಇವೆ. ಎಡತೋಳು ಇಲ್ಲ. ಆ ಜಾಗದ ಅಂಚಿಗೆ ಬಿಳಿ ದಾರದಲ್ಲಿ ಕಚ್ಚಾ ಹೊಲಿಗೆ ಹಾಕಿ ಬಿಟ್ಟಿದ್ದಾಳೆ.

ನೋಟ್‌ಬುಕ್ಕಿನಲ್ಲಿ ಯಾವ ಗೊಂಬೆ ಯಾರ ಮನೆ ಸೇರಿತು ಎಂದು ಬರೆದಿದೆ. ಆಟಿಕೆ ಅಂಗಡಿಯವರನ್ನು ಕೇಳಿ ಕೇಳಿ ಪತ್ತೆ ಮಾಡಿದ್ದಾಳೆ. ಕಪಾಟಿನಲ್ಲಿದ್ದ ಒಂದನ್ನು ನೀನು ಬಸ್ಸು ಹತ್ತಿದ ದಿನವೇ ಬಿಚ್ಚಿದ್ದಾಳೆ. ಉಳಿದ ಐದನ್ನು ಈ ಒಂಬತ್ತು ವರ್ಷ ಹುಡುಕಿಕೊಂಡು ಹೋಗಿದ್ದಾಳೆ. ನಾಲ್ಕು ಸಿಕ್ಕಿವೆ, ಹೊಸ ಗೊಂಬೆ ಇಲ್ಲವೇ ಹೊಸ ಅಂಗಿ ಕೊಟ್ಟು ಹಳೆಯ ಅಂಗಿಯನ್ನು ಕೇಳಿ ತಂದಿದ್ದಾಳೆ.

ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಆರ್ಡರ್ ಮುಟ್ಟಿಸುವುದಿದೆ ಎಂದಿದ್ದಳು. ಕ್ಷೌರದ ಅಂಗಡಿಯ ಹಿಂದೆ ಮನೆ. ಏಳೆಂಟು ವರ್ಷದ ಹುಡುಗಿ ಗೊಂಬೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತಿದ್ದಳು.

"ಹೊಸದು ನೋಡು, ಇದಕ್ಕೆ ಎರಡು ಜಡೆ ಇದೆ" ಅಂದಳು ನಿನ್ನ ಅಕ್ಕ.

"ನನ್ನದಕ್ಕೆ ಹುಷಾರಿಲ್ಲ. ಹುಷಾರಿಲ್ಲದಾಗ ಕೊಡಬಾರದು."

"ಹಾಗಾದ್ರೆ ನಾನು ಹುಷಾರು ಮಾಡಿ ಕೊಡ್ತೀನಿ."

"ಅಂಗಿ ಬೇಕಾದ್ರೆ ತಗೊಳ್ಳಿ ಆಂಟಿ. ಗೊಂಬೆ ಕೊಡಲ್ಲ. ಹೊಸ ಅಂಗಿ ಈಗಲೇ ಹೊಲೀಬೇಕು, ಅದು ಬರೀ ಮೈಲಿ ಇರಲ್ಲ."

ನಿನ್ನ ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು, ಚೀಲದಿಂದ ಬಟ್ಟೆ ತೆಗೆದು, ಒಂದು ಗಂಟೆ ಕೂತು ಹೊಲಿದಳು. ನಾನು ಬೇಜಾರಾಗಿ ಆ ಹುಡುಗಿಯ ಅಪ್ಪನ ಅಂಗಡಿಯಲ್ಲಿ ಗಡ್ಡ ಮಾಡಿಸಿಕೊಂಡೆ. ಬರುವಾಗ ಬಸ್ಸಿನಲ್ಲಿ, "ಒಂದು ಹಳೇ ಅಂಗಿಗೆ ಇಷ್ಟು ದೂರ ಬರಬೇಕಿತ್ತಾ?" ಎಂದು ರೇಗಿದೆ. ಕಿಟಕಿ ಕಡೆ ನೋಡುತ್ತಾ, "ಗಾಳಿ ಚೆನ್ನಾಗಿದೆ ಅಲ್ವಾ" ಅಂದಳು. ನನಗೆ ಹೇಳಲಿಲ್ಲ. ಹೇಳಿದ್ದರೆ ರೇಗುತ್ತಿರಲಿಲ್ಲ.

ಕೊನೆಯ ಪುಟದಲ್ಲಿ ಹೀಗಿದೆ: "ಎಡತೋಳು: ದಂತವೈದ್ಯರ ಮನೆ. ಮನೆ ಬದಲಾಯಿಸಿದ್ದಾರೆ. ವಿಳಾಸ ಸಿಕ್ಕಿಲ್ಲ. ಪೂರ್ತಿಯಾದ ಮೇಲೆ ಅವಳಿಗೆ ಕಳಿಸುವುದು."

ಹಾಗಾಗಿ ಯಂತ್ರವನ್ನು ಮತ್ತೆ ಅದರ ಜಾಗದಲ್ಲೇ ಇಡಿಸಿದೆ. ಆ ತೋಳನ್ನು ನಾನು ಹುಡುಕುತ್ತೇನೆ. ಫ್ರಾಕು ಪೂರ್ತಿಯಾದರೆ ಬಂದು ತೆಗೆದುಕೊಂಡು ಹೋಗುತ್ತೀಯಾ? ಅಷ್ಟನ್ನು ಬರೆ.

ಉತ್ತರಕ್ಕೆ ಕಾದಿರುವ,
ಭಾವ


ಏಪ್ರಿಲ್ 9

ತಂಗಿಗೆ,

ಮಧ್ಯಾಹ್ನ ಎರಡು ಗಂಟೆ. ಈಗ ತಾನೇ ಬಂದು ಬೂಟು ಬಿಚ್ಚಿದೆ. ನಿನ್ನಿಂದ ಕಾಗದ ಬಂದಿಲ್ಲ. ಬಂದಿಲ್ಲವೆಂದು ನಾನು ಬರೆಯುವುದನ್ನು ನಿಲ್ಲಿಸಿದರೆ ಈ ಮನೆಯಲ್ಲಿ ಮಾತೇ ನಿಂತುಹೋಗುತ್ತದೆ.

ಮೂರು ವಾರ ಸುತ್ತಿದೆ. ಹಲ್ಲಿನ ಡಾಕ್ಟರುಗಳು ಇಷ್ಟು ಜನ ಇದ್ದಾರೆಂದು ಗೊತ್ತಿರಲಿಲ್ಲ. ಎಲ್ಲೆಡೆಯೂ ಮೊದಲು ಬಾಯಿ ತೆರೆಸಿ ನೋಡಿ, ಆಮೇಲೆ ಏನು ಬೇಕೆಂದು ಕೇಳುತ್ತಾರೆ. ನನ್ನ ಹಲ್ಲು ಗಟ್ಟಿಯಾಗಿವೆಯೆಂದು ನಾಲ್ಕು ಜನ ಹೇಳಿದ್ದಾರೆ.

ಐದನೆಯವರೇ ಅವರು. ಹಳೆಯ ಸಿನಿಮಾ ಮಂದಿರದ ಪಕ್ಕದ ಮಹಡಿ. ಚೀಟಿ ಬರೆಯುವ ಹುಡುಗಿಯ ಮೇಜಿನ ಪಕ್ಕದಲ್ಲಿ, ಸಣ್ಣ ಕುರ್ಚಿಯಲ್ಲಿ ನಮ್ಮ ಗೊಂಬೆ ಕೂತಿತ್ತು. ನೋಡಿದ ತಕ್ಷಣ ಗೊತ್ತಾಯಿತು. ನಿನ್ನ ಅಕ್ಕ ಹಾಕಿದ ಬಾಯಿ, ಒಂದೇ ನೇರ ಗೆರೆ, ನಗುವೂ ಅಲ್ಲ ಅಳುವೂ ಅಲ್ಲ. ಹಳದಿ ಅಂಗಿ ಮಾಸಿ ಬೆಣ್ಣೆಯ ಬಣ್ಣಕ್ಕೆ ಬಂದಿದೆ.

ನಾನು ಅದನ್ನೇ ನೋಡುತ್ತಾ ನಿಂತಿದ್ದಾಗ ಒಳಗಿನಿಂದ ಡಾಕ್ಟರು ಕೂಗಿದರು. "ಹೆಡ್‌ನರ್ಸ್‌ನ ಕಳಿಸಮ್ಮಾ!" ಹುಡುಗಿ ಗೊಂಬೆಯನ್ನು ಎತ್ತಿಕೊಂಡು ಒಳಗೆ ಹೋದಳು. ಒಂದು ಮಗುವಿನ ಅಳು ಕೇಳಿಸಿತು, ಆಮೇಲೆ ನಿಂತಿತು. ಗೊಂಬೆ ಹೊರಗೆ ಬಂತು. ಅಂಗಿ ಮುದ್ದೆಯಾಗಿತ್ತು. ಹುಡುಗಿ ಅದನ್ನು ಅಂಗೈಯಲ್ಲಿ ತೀಡಿ ಸರಿಮಾಡಿ ಮತ್ತೆ ಕುರ್ಚಿಯಲ್ಲಿ ಕೂರಿಸಿದಳು.

ಡಾಕ್ಟರಿಗೆ ಎಲ್ಲ ಹೇಳಿದೆ. ಎಲ್ಲ ಅಂದರೆ ಎಲ್ಲವೂ ಅಲ್ಲ. ಮನೆಯ ಒಂದು ಮಗುವಿನ ಬಟ್ಟೆ ಎಂದೆ. ಅವರು ಕೈ ಒರೆಸಿಕೊಳ್ಳುತ್ತಾ ಕೇಳಿಸಿಕೊಂಡು, ಹೇಳಿದರು.

"ಇದು ನನ್ನ ಮಗಳದ್ದು ಸಾರ್. ಅವಳು ಬೆಳೆದು ಬಿಟ್ಟಮೇಲೆ ಇಲ್ಲಿ ತಂದಿಟ್ಟೆ. ಇದು ಕೈಲಿಲ್ಲದೆ ಮಕ್ಕಳು ಬಾಯೇ ತೆಗೆಯಲ್ಲ. ಇದರ ಅಂಗಿ ಹಿಂಡ್ತಾರೆ, ನಾನು ಹಲ್ಲು ಕೀಳ್ತೀನಿ. ಬೇರೆ ಗೊಂಬೆ ಇಟ್ಟು ನೋಡಿದೆ. ನಗೋ ಗೊಂಬೆ. ಒಬ್ಬ ಹುಡುಗ ಎತ್ತಿ ಬಿಸಾಕಿದ. 'ನನಗೆ ನೋವಾದ್ರೆ ಇದಕ್ಕೆ ನಗು' ಅಂದ."

ಅದನ್ನೇ ನಿನ್ನ ಅಕ್ಕ ಹೇಳುತ್ತಿದ್ದಳಲ್ಲ, ನಗುವ ಗೊಂಬೆಯ ಮುಂದೆ ಮಗುವಿಗೆ ಅಳೋಕೆ ನಾಚಿಕೆಯಾಗುತ್ತದೆ ಎಂದು.

ಕೊನೆಗೆ ಡಾಕ್ಟರು, "ಇದೇ ಥರದ ಮುಖ ಇರೋ ಇನ್ನೊಂದು ತನ್ನಿ. ಇದನ್ನ ಕೊಟ್ಟುಬಿಡ್ತೀನಿ" ಅಂದರು.

ಮನೆಯಲ್ಲಿ ಹದಿನಾಲ್ಕು ಗೊಂಬೆಗಳಿವೆ, ಒಂದಕ್ಕೂ ಮುಖವಿಲ್ಲ. ಆ ಮುಖ ಹಾಕುವುದನ್ನು ಅವಳು ಕಲಿಸಿದ್ದು ನಿನಗೊಬ್ಬಳಿಗೆ.

ನಾನು ಕೇಳುವುದು ಇಷ್ಟೇ.

ಭಾವ


ಏಪ್ರಿಲ್ 28

ತಂಗಿಗೆ,

ಸಂಜೆ ಐದೂವರೆ. ಇವತ್ತು ಒಂದು ಮುಖ ಹಾಕಿದೆ. ಮೂರು ಗಂಟೆ ಹಿಡಿಯಿತು. ನನ್ನ ಕೈಗೆ ಬರುವುದು ಬೈಂಡಿಂಗಿನ ದಬ್ಬಳ, ಮೇಣ ಸವರಿದ ದಾರ. ಕಣ್ಣು ಎರಡೂ ಒಂದೇ ಎತ್ತರಕ್ಕೆ ಬರಲಿ ಎಂದು ಸ್ಕೇಲಿಟ್ಟು ಗೆರೆ ಎಳೆದುಕೊಂಡೆ.

ನರ್ಸಮ್ಮ ನೋಡಿ, "ಅಯ್ಯೋ, ನಮ್ಮ ಆಸ್ಪತ್ರೆ ಸೂಪರಿಂಟೆಂಡೆಂಟು! ಇವರಿಗೆ ರಜೆ ಚೀಟಿ ಕೊಡೋಕೆ ಹೋದ್ರೆ ಹೀಗೇ ನೋಡ್ತಾರೆ" ಎಂದು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಜನವರಿಯಿಂದ ಈಚೆಗೆ ಮೊದಲ ಸಲ. ಅವರು ಹೋದ ಮೇಲೆ ಮುಖವನ್ನು ಬಿಚ್ಚಿದೆ. ಬಟ್ಟೆಯಲ್ಲಿ ತೂತುಗಳು ಉಳಿದವು.

ಬೇರೇನೂ ವಿಶೇಷವಿಲ್ಲ. ಊಟಕ್ಕೆ ಈಗಲೂ ಎರಡು ತಟ್ಟೆ ತೊಳೆಯುತ್ತೇನೆ, ಒಂದು ಕೊಳೆಯಾಗಿರುವುದಿಲ್ಲ.

ಭಾವ


ಮೇ 18

ಭಾವನವರಿಗೆ,

ನಾಲ್ಕು ಕಾಗದಗಳೂ ಇಲ್ಲೇ ಇವೆ. ಅಂಗಡಿಯಲ್ಲಿ ಊಟದ ಬಿಡುವಿನಲ್ಲಿ ಓದುತ್ತೇನೆ. ಪರದೆಗಳ ಹಿಂದೆ ಕೂತರೆ ಯಾರಿಗೂ ಕಾಣುವುದಿಲ್ಲ.

ನಿಮಗೆ ಒಂದು ವಿಷಯ ಹೇಳಬೇಕು. ಇಷ್ಟು ದಿನ ಉತ್ತರ ಬರೆಯದೆ ಇದ್ದದ್ದು ಅದಕ್ಕೇ.

ನಮ್ಮ ಮನೆಯಲ್ಲಿ ಹಳೆ ಬಟ್ಟೆಯನ್ನು ಚಿಂದಿ ಚೀಲಕ್ಕೆ ಹಾಕುವ ಮುಂಚೆ ಗುಂಡಿ ಬಿಚ್ಚಿ ತೆಗೆಯಬೇಕು. ಗುಂಡಿ ಇದ್ದರೆ ಅದು ತೊಡುವ ಬಟ್ಟೆ, ಗುಂಡಿ ಬಿಚ್ಚಿದ್ದರೆ ಕತ್ತರಿಸುವ ಬಟ್ಟೆ. ಅಮ್ಮನ ಕಾಲದಿಂದ ಹಾಗೆ. ಅಕ್ಕನಿಗೆ ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಹಳದಿ ಫ್ರಾಕಿಗೆ ನಾಲ್ಕು ಗುಂಡಿಗಳಿದ್ದವು. ಅವನ್ನು ನಾನು ಬಿಚ್ಚಿದೆ. ಫ್ರಾಕನ್ನು ಮಡಿಸಿ ಚೀಲಕ್ಕೆ ಹಾಕಿದವಳು ನಾನೇ.

ಗುಬ್ಬಿ ಹೋಗಿ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ. ಅದು ಗೂಟದಲ್ಲಿ ನೇತಾಡುತ್ತಿತ್ತು. ಗಾಳಿ ಬಂದಾಗ ತೋಳು ಅಲ್ಲಾಡುತ್ತಿತ್ತು. ನನಗೆ ನೋಡಲಾಗಲಿಲ್ಲ. ಬಿಸಾಕುವುದಕ್ಕೂ ಆಗಲಿಲ್ಲ. ಚೀಲಕ್ಕೆ ಹಾಕಿದರೆ ಅಕ್ಕನ ಕೈ ಸೇರುತ್ತದೆ, ಅವಳ ಕೈಯಲ್ಲಿ ಏನಾದರೂ ಒಂದು ಆಗುತ್ತದೆ ಎಂದುಕೊಂಡೆ. ಆಮೇಲೆ ಅದನ್ನು ಮರೆತೇಬಿಟ್ಟೆ. ನಿಜವಾಗಿ ಮರೆತೆ. ಆ ದಿನಗಳಲ್ಲಿ ಊಟ ಮಾಡಿದೆನೋ ಇಲ್ಲವೋ ಎಂಬುದೂ ಮರೆತುಹೋಗುತ್ತಿತ್ತು.

ಕಪಾಟಿನಲ್ಲಿ ಆ ಬಣ್ಣ ಕಂಡಾಗ ನನ್ನ ಬಾಯಿಂದ ಏನೇನು ಬಂತೋ. "ನಿನಗೆ ಮಕ್ಕಳಿಲ್ಲ, ನಿನಗೇನು ಗೊತ್ತು" ಅಂದೆ. ಅರ್ಧದಲ್ಲಿ ಗುಂಡಿಗಳ ನೆನಪು ಬಂತು. ಅರ್ಧದಲ್ಲೇ ಬಂತು ಭಾವ. ಆದರೂ ನಿಲ್ಲಿಸಲಿಲ್ಲ. ಅಕ್ಕ "ನೀನೇ ತಾನೇ ಹಾಕಿದ್ದು" ಎಂದಿದ್ದರೆ ನಾನು ಅಲ್ಲೇ ಕುಸಿದು ಕೂತು ಅತ್ತುಬಿಡುತ್ತಿದ್ದೆ. ಅವಳು ಅನ್ನಲಿಲ್ಲ. ಅವಳು ಹೇಳಲಿ ಎಂದು ಒಂಬತ್ತು ವರ್ಷ ಕಾದೆ. ಮಾರ್ಚ್‌ನಲ್ಲಿ ನಿಮಗೂ ಅದೇ ಸುಳ್ಳನ್ನು ಬರೆದೆ.

ಫೋನು ಬಂದ ದಿನ ಕೈಯಲ್ಲಿದ್ದ ಪರದೆಯ ಅಂಚನ್ನು ಮುಗಿಸಿದೆ. ಆಮೇಲೆ ಬಸ್ಸು ಹತ್ತಿ ಬಂದೆ. ನಿಮ್ಮ ಬೀದಿಯ ತಿರುವಿನವರೆಗೂ ಬಂದಿದ್ದೆ. ಮನೆಯ ಮುಂದೆ ಜನ ನಿಂತಿದ್ದರು. ನೀವು ಬಾಗಿಲ ಹತ್ತಿರ ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡೇ ನಿಂತಿದ್ದಿರಿ. ಯಾರೂ ಅದನ್ನು ನಿಮ್ಮ ಕೈಯಿಂದ ತೆಗೆದುಕೊಂಡಿರಲಿಲ್ಲ. ನಾನು ಬಂದು ತೆಗೆದುಕೊಳ್ಳಬೇಕಿತ್ತು. ಹಿಂದಕ್ಕೆ ಹೋದೆ.

ಒಂದೇ ಒಂದು ಕೇಳುತ್ತೇನೆ. ನಾನೇ ಹಾಕಿದ್ದೆಂದು ಅಕ್ಕನಿಗೆ ಗೊತ್ತಿತ್ತಾ?

ಸೂಜಿ


ಮೇ 23

ಸೂಜಿಗೆ,

ಬೆಳಿಗ್ಗೆ ಒಂಬತ್ತು ಗಂಟೆ. ನಿನ್ನ ಕಾಗದ ನಿನ್ನೆ ಬಂತು. ನಿನ್ನೆ ಇಡೀ ದಿನ ಬೇರೆ ಏನನ್ನೂ ಮಾಡಲಿಲ್ಲ.

ಅವಳಿಗೆ ಗೊತ್ತಿತ್ತು. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ. ನಾನು ಮಾರ್ಚ್‌ನಲ್ಲೇ ಓದಿದ್ದೆ, ನಿನಗೆ ಬರೆಯಲಿಲ್ಲ. ನೀನಾಗಿ ಹೇಳುವ ಮೊದಲು ನಾನು ಹೇಳಿದರೆ ಅದು ನಿನ್ನ ಮೇಲೆ ಹೊರಿಸಿದ ಹಾಗೆ ಆಗುತ್ತಿತ್ತು. ಈಗ ಅವಳು ಬರೆದದ್ದನ್ನು ಹಾಗೇ ಇಳಿಸುತ್ತೇನೆ.

"ಗುಂಡಿ ಬಿಚ್ಚಿತ್ತು. ತೋಳು ಒಳಕ್ಕೆ ಮಡಿಸಿತ್ತು. ಹಾಗೆ ಮಡಿಸುವುದು ಅವಳೊಬ್ಬಳೇ. ಬಾಯಲ್ಲಿ ಹೇಳಲಾರದೆ ಕೊಟ್ಟಿದ್ದಾಳೆ ಅಂದುಕೊಂಡು ಕತ್ತರಿಸಿದೆ. ಅವಳು ಕೊಟ್ಟಿದ್ದಲ್ಲ, ಕಣ್ಣಿಂದ ದೂರ ಇಟ್ಟಿದ್ದು. ಒಂದು ಮಾತು ಕೇಳಬೇಕಿತ್ತು. ಇವತ್ತು ಬೈದಳು. ಬೈಯಲಿ. ಇಪ್ಪತ್ತಮೂರು ದಿನದಿಂದ ಬಾಯಿ ಬಿಟ್ಟಿರಲಿಲ್ಲ. ಅವಳ ದನಿ ಕೇಳಿ ಸಮಾಧಾನವಾಯಿತು. ನೀನೇ ಹಾಕಿದ್ದು ಅಂದಿದ್ದರೆ ಮತ್ತೆ ಮೂಕಿಯಾಗಿಬಿಡುತ್ತಿದ್ದಳು."

ಇಷ್ಟೇ ಇರುವುದು. ಇದರ ಕೆಳಗೆ ನಾಲ್ಕು ಸಾಲು ಬರೆದು ಗೀಚಿಹಾಕಿದ್ದಾಳೆ. ಬೆಳಕಿಗೆ ಹಿಡಿದು ನೋಡಿದೆ, ಓದಲಾಗಲಿಲ್ಲ.

ನನ್ನದೂ ಒಂದಿದೆ. ಆ ಚೀಲವನ್ನು ಮೇಜಿನ ಮೇಲೆ ಸುರಿದವನು ನಾನು. ಫ್ರಾಕು ಕಂಡಿತು. ಗುಂಡಿ ಇಲ್ಲದ್ದೂ ಕಂಡಿತು. "ಇದೇನು, ಕೇಳಿದ್ಯಾ ಅವಳನ್ನ?" ಅಂತ ಬಾಯಿಗೆ ಬಂದಿತ್ತು. ಹೆಂಗಸರ ಕೆಲಸ, ಅವರವರಲ್ಲೇ ಮಾತಾಗಿರಬೇಕು ಎಂದು ಸುಮ್ಮನಾದೆ. ನೀನು ಕೂಗಾಡುವಾಗಲಾದರೂ ಹೇಳಬಹುದಿತ್ತು. ನಾನು ಹೊರಗೆ ಹೋಗಿ ನಲ್ಲಿ ನಿಲ್ಲಿಸಿದೆ. ನಲ್ಲಿ ಸುರಿಯುತ್ತಿರಲಿಲ್ಲ. ನಿನ್ನನ್ನು ಬಸ್ಸಿಗೆ ಬಿಡಲು ಬಂದವನು ಉದ್ದಕ್ಕೂ ಏನೂ ಮಾತಾಡಲಿಲ್ಲ. "ಕಿಟಕಿ ಪಕ್ಕ ಸಿಕ್ತಾ?" ಅಂದೆ. ಅಷ್ಟೇ ಅಂದದ್ದು.

ನೀನು ಅವಳಿಗೆ ಅಂದ ಆ ಮಾತು, ಮಕ್ಕಳಿಲ್ಲ ಎಂದದ್ದು, ನನಗೂ ಕೇಳಿಸಿತ್ತು. ಸೂಜಿ, ಗುಬ್ಬಿ ಹುಟ್ಟುವ ಮುಂಚೆಯೇ ಅವಳ ಅಪ್ಪ ಬಿಟ್ಟುಹೋದ. ಅವಳು ಮೊದಲ ಹೆಜ್ಜೆ ಇಟ್ಟದ್ದು ಈ ಕೋಣೆಯಲ್ಲಿ, ನನ್ನ ಪ್ಯಾಂಟು ಹಿಡಿದುಕೊಂಡು. ಎರಡೂವರೆ ವರ್ಷ ಸಂಜೆ ಪ್ರೆಸ್ಸಿನಿಂದ ಬರುವಾಗ ಬೀದಿಯ ತುದಿಯಿಂದಲೇ ನನ್ನ ಹೆಜ್ಜೆ ಬೇಗವಾಗುತ್ತಿತ್ತು. ಇದನ್ನು ಯಾವತ್ತೂ ಯಾರಿಗೂ ಹೇಳಲಿಲ್ಲ. ಅಳುವ ಹಕ್ಕು ನಿನ್ನದು ಎಂದುಕೊಂಡೆವು ನಾವಿಬ್ಬರೂ. ನಿನ್ನ ಅಕ್ಕ ಕತ್ತರಿ ಹಿಡಿದಳು, ನಾನು ಹತ್ತಿ ತುಂಬಿದೆ.

ಬಾ. ಫ್ರಾಕಿಗೆ ತೋಳಿಲ್ಲದಿದ್ದರೂ ಬಾ.

ಭಾವ


ಜೂನ್ 20

ಭಾವ,

ಒಂದು ತಿಂಗಳಿಂದ ಬರೆಯಲು ಕೂರುತ್ತೇನೆ, ಏಳುತ್ತೇನೆ. ಮೂರು ಸಲ ರಜೆ ಕೇಳಿ ಮೂರು ಸಲವೂ ಬೇಡವೆಂದೆ. "ಏನಮ್ಮಾ, ಹೋಗೋದಾದ್ರೆ ಹೋಗು, ಇಲ್ಲಾಂದ್ರೆ ಪರದೆ ಹೊಲಿ" ಎಂದು ಮಾಲೀಕರಿಗೂ ಬೇಸರ ಬಂದಿದೆ. ಬರುತ್ತೇನೆ ಎಂದು ಕಾಗದದಲ್ಲಿ ಬರೆದು ಮತ್ತೆ ತಿರುವಿನಿಂದ ವಾಪಸು ಹೋದರೆ, ಈ ಸಲ ನೀವು ಬಾಗಿಲಲ್ಲಿ ನಿಂತು ಕಾಯುತ್ತಿರುತ್ತೀರಿ. ಅದು ನನ್ನಿಂದಾಗದು.

ಈಗ ಒಂದು ದಾರಿ ಸಿಕ್ಕಿದೆ. ನನಗೆ ಹಲ್ಲುನೋವು. ನಿಜವಾದ ನೋವು, ನೆಪವಲ್ಲ. ಎಡಗಡೆಯ ದವಡೆ ಹಲ್ಲು ಹದಿನೈದು ದಿನದಿಂದ ಜೀವ ಹಿಂಡುತ್ತಿದೆ. ಇಲ್ಲಿಯ ಡಾಕ್ಟರು ಕೀಳಿಸಲೇಬೇಕು ಅಂದರು. ಇಲ್ಲಿ ಬೇಡ ಎಂದು ಎದ್ದು ಬಂದೆ.

ನೀವು ಹೇಳಿದ ಡಾಕ್ಟರಲ್ಲಿ ನನ್ನ ಹೆಸರು ಬರೆಸಿ. ಮನೆಗೆ ಅಂತ ಹೊರಟರೆ ಕಾಲು ಏಳುವುದಿಲ್ಲ. ಹಲ್ಲಿಗಾದರೆ ಬಂದೇಬಿಡುತ್ತೇನೆ, ನೋವಿದೆಯಲ್ಲ, ಅದೇ ಕರೆದುಕೊಂಡು ಬರುತ್ತದೆ.

ಆ ಗೊಂಬೆಯನ್ನು ಡಾಕ್ಟರಿಂದ ಕೇಳಿ ತರಬೇಡಿ. ದೊಡ್ಡವರಿಗೂ ಹಿಡಿದುಕೊಳ್ಳಲು ಕೊಡುತ್ತಾರಾ ಕೇಳಿ. ಒಂದು ಸಲ ಆ ಅಂಗಿಯನ್ನು ನನ್ನ ಕೈಯಲ್ಲಿ ಹಿಡಿದು ನೋಡಬೇಕು. ಅದು ಫ್ರಾಕಿಗೆ ಬೇಕೋ ಅಲ್ಲೇ ಇರಲೋ, ಹಿಡಿದ ಮೇಲೆ ಗೊತ್ತಾಗುತ್ತದೆ.

ನೀವು ಅಲ್ಲಿಗೆ ಬರಬೇಡಿ. ಅಲ್ಲಿಂದ ಮನೆಗೆ ಬರಲು ಕಾಲು ಬರುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ನೀವು ಎದುರಿಗಿದ್ದರೆ ಬಲವಂತಕ್ಕೆ ಬಂದ ಹಾಗಾಗುತ್ತದೆ.

ಅಕ್ಕನ ಹತ್ತಿರ ಕಲಿಯುವಾಗ ಮುಖ ಹಾಕಿದ್ದು, ಒಂಬತ್ತು ವರ್ಷವಾಯಿತು. ಮೊನ್ನೆ ಪರದೆಯ ತುಂಡಿನ ಮೇಲೆ ಒಂದು ಹಾಕಿ ನೋಡಿದೆ. ಬಾಯಿ ನೇರ ಬಂತು. ಕಣ್ಣು ಇನ್ನೂ ಸರಿ ಬಂದಿಲ್ಲ.

ಸೂಜಿ


ಜೂನ್ 29

ಸೂಜಿಗೆ,

ಮಧ್ಯಾಹ್ನ ಮೂರು ಗಂಟೆ. ನಾಳೆಗೆ ಸರದಿ ಸಿಕ್ಕಿದೆಯೆಂದು ನಿನ್ನ ಅಂಗಡಿಗೆ ಫೋನು ಮಾಡಿ ಹೇಳಿದ್ದೆನಲ್ಲ, ಬೆಳಿಗ್ಗೆ ಡಾಕ್ಟರಲ್ಲಿಗೆ ಹೋಗಿ ಆ ಪಟ್ಟಿಯಲ್ಲಿ ನಿನ್ನ ಹೆಸರು ಇದೆಯೋ ಇಲ್ಲವೋ ಎಂದು ಇನ್ನೊಂದು ಸಲ ನೋಡಿಕೊಂಡು ಬಂದೆ. ಚೀಟಿ ಬರೆಯುವ ಹುಡುಗಿ, "ಅಜ್ಜಾ, ಮೂರನೇ ಸಲ ಬರ್ತಿದೀರ, ಹೆಸರಿಗೇನು ಕಾಲು ಬಂದಿದೆಯಾ ಓಡಿಹೋಗೋಕೆ?" ಅಂದಳು. ದೊಡ್ಡವರಿಗೆ ಗೊಂಬೆ ಕೊಡುತ್ತೀರಾ ಎಂದೂ ಕೇಳಿದೆ. ಡಾಕ್ಟರು ಒಳಗಿಂದಲೇ, "ದೊಡ್ಡವರು ಕೇಳೋದಿಲ್ಲ, ಅಷ್ಟೇ. ಕೇಳಿದ್ರೆ ಯಾಕೆ ಕೊಡಲ್ಲ" ಅಂದರು. ಹುಡುಗಿಗೆ ಹೇಳಿಟ್ಟಿದ್ದಾರೆ. ನೀನು ಬಾಯಿಬಿಟ್ಟು ಕೇಳಬೇಕಿಲ್ಲ.

ಈ ಕಾಗದವನ್ನು ಅಂಚೆಗೆ ಹಾಕಿದರೆ ನೀನು ಹೊರಟ ಮೇಲೆ ತಲುಪುತ್ತದೆ. ಅದಕ್ಕೆ ಸಂಜೆ ಹೋಗಿ ಆ ಹುಡುಗಿಯ ಕೈಯಲ್ಲೇ ಕೊಟ್ಟು ಬರುತ್ತೇನೆ. ನಾಲ್ಕನೆಯ ಸಲ, ಇನ್ನೇನು ಅನ್ನುತ್ತಾಳೋ. ಕಾಯುವ ಬೆಂಚಿನಲ್ಲಿ ಕೂತು ಓದು.

ನಾಳೆ ನಾನು ಅಲ್ಲಿಗೆ ಬರುವುದಿಲ್ಲ. ಬಾಗಿಲಲ್ಲಿ ನಿಂತು ದಾರಿಯನ್ನೂ ನೋಡುವುದಿಲ್ಲ. ಕೆಲಸದ ಕೋಣೆಯಲ್ಲಿ ಹತ್ತಿ ಬಿಡಿಸುತ್ತಾ ಇರುತ್ತೇನೆ. ಮುಂಬಾಗಿಲಿಗೆ ಚಿಲಕ ಹಾಕುವುದಿಲ್ಲ, ಬರೀ ದೂಡಿದರೆ ಸಾಕು. ನೀನು ಸಿನಿಮಾ ಮಂದಿರದ ಎದುರಿಂದಲೇ ವಾಪಸು ಬಸ್ಸು ಹತ್ತಿದರೂ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಳ್ಳುತ್ತೇನೆ, ಆದರೆ ನಿನ್ನ ಮೇಲಲ್ಲ.

ಡಾಕ್ಟರು ಇನ್ನೊಂದು ಹೇಳಿದರು. ಹಲ್ಲು ಕಿತ್ತ ಮೇಲೆ ಬಾಯಲ್ಲಿ ಹತ್ತಿ ಇಡುತ್ತಾರಂತೆ, ಅದನ್ನು ಕಚ್ಚಿ ಹಿಡಿದುಕೊಂಡಿರಬೇಕು, ಎರಡು ಗಂಟೆ ಮಾತಾಡಬಾರದಂತೆ. ಕೇಳಿ ನನಗೆ ಎಷ್ಟೋ ಹಗುರವಾಯಿತು. ನೀನು ಬಂದರೆ ಏನು ಮಾತಾಡುವುದೆಂದು ಒಂದು ವಾರದಿಂದ ಚಿಂತೆಯಾಗಿತ್ತು. ಬಂದೆಯಾದರೆ ಸುಮ್ಮನೆ ಬಂದು ಕೂತುಕೋ. ನಾನೂ ಸುಮ್ಮನಿರುತ್ತೇನೆ. ಆ ಎರಡು ಗಂಟೆ ಕಳೆದ ಮೇಲೆ ಯಾರಾದರೂ ಒಬ್ಬರು ಮೊದಲು ಮಾತಾಡೋಣ.

ನಾಳೆ ನಿನ್ನ ಸರದಿ ನಾಲ್ಕನೆಯದು. ಹನ್ನೊಂದು ಗಂಟೆಯ ಹೊತ್ತಿಗೆ ಕರೆಯುತ್ತಾರಂತೆ.

ಭಾವ